ಹಾಡನ್ನು ಹೊರುವವರು ಯಾರು? ಹಳೇ ಹೆವಿ ಮೆಟಲ್ ದಾರಿಯ ಆರು ಹೊಸ ಆಲ್ಬಂಗಳು

ಕಳೆದ ಎರಡು ತಿಂಗಳಲ್ಲಿ ಮೂರು ಜನ ನನಗೆ ಒಂದೇ ಪ್ರಶ್ನೆ ಕೇಳಿದರು. "ಐರನ್ ಮೇಡನ್, ಜೂಡಸ್ ಪ್ರೀಸ್ಟ್, ಡಿಯೋ, ಹೆವಿ ಮೆಟಲ್‌ನ ಈ ಹಳೇ ಬ್ಯಾಂಡ್‌ಗಳನ್ನೆಲ್ಲಾ ಸಾಕಷ್ಟು ಕೇಳಾಯ್ತು. ಅದೇ ದಾರಿಯಲ್ಲಿ ಈಗ ಯಾರು ಮಾಡ್ತಿದ್ದಾರೆ? ದುಡ್ಡು ಕೊಟ್ಟು ಒಂದೇ ಒಂದು ಆಲ್ಬಂ ತಗೊಳ್ಳೋದಾದ್ರೆ ಯಾವುದು?"

ಕೇಳಿದವರು ಮೂರು ತರದವರು. ಒಬ್ಬಳು ಇಂಜಿನಿಯರಿಂಗ್ ಓದುವ ಹುಡುಗಿ, ಅಕ್ಕನ ಮಗಳ ಗೆಳತಿ. ಮೆಗಾಡೆತ್‌ನಿಂದ ಶುರು ಮಾಡಿ ಹಿಂದಕ್ಕೆ ಹಿಂದಕ್ಕೆ ಹೋಗುತ್ತಿದ್ದಾಳೆ. ತಿಂಗಳಿಗೆ ಎಂಟುನೂರು ರೂಪಾಯಿಗಿಂತ ಜಾಸ್ತಿ ಖರ್ಚು ಮಾಡುವ ಹಾಗಿಲ್ಲ. ಇನ್ನೊಬ್ಬರು ನನ್ನ ಜೊತೆ ಕೆಲಸ ಮಾಡುತ್ತಿದ್ದವರು. ನಲವತ್ತೈದು ದಾಟಿದೆ, ಈಚೆಗೆ ಮನೆಗೆ ರೆಕಾರ್ಡ್ ಪ್ಲೇಯರ್ ತಂದಿದ್ದಾರೆ. ಮೂರನೆಯವನು ಗೆಳೆಯ. ದಿನಾ ಮೆಟ್ರೊದಲ್ಲಿ ಹೋಗಲು ನಲವತ್ತು ನಿಮಿಷ, ಬರಲು ನಲವತ್ತು ನಿಮಿಷ. ಅವನ ಸಂಗೀತವೆಲ್ಲ ಇಯರ್‌ಫೋನ್‌ನಲ್ಲೇ.

ಮೂವರಿಗೂ ಒಂದೇ ಆಲ್ಬಂ ಹೇಳಿದ್ದರೆ ಕನಿಷ್ಠ ಇಬ್ಬರಿಗೆ ಮೋಸ ಆಗುತ್ತಿತ್ತು. ಈ ಲೋಕದ ತೊಂದರೆಯೇ ಅದು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ತರ ಕಾಣುತ್ತದೆ. ಮುಖಪುಟದಲ್ಲಿ ಕತ್ತಿ, ಕೋಟೆ, ಮಿಂಚು. ಒಳಗೆ ಎರಡು ಗಿಟಾರ್, ಏರುದನಿಯ ಹಾಡುಗಾರ, ಕುದುರೆ ಓಟದ ತಾಳ. ರೋಮ್‌ನ ಕ್ರೂಜ್ ಡೆಲ್ ಸುರ್, ಅಥೆನ್ಸ್‌ನ ನೋ ರಿಮೋರ್ಸ್, ಜರ್ಮನಿಯ ಹೈ ರೋಲರ್ ತರದ ಸಣ್ಣ ಲೇಬಲ್‌ಗಳಿಂದ, ಅಂದರೆ ಆಲ್ಬಂ ಹೊರತರುವ ಕಂಪನಿಗಳಿಂದ, ಹೊಸ ಆಲ್ಬಂಗಳು ಬರುತ್ತಲೇ ಇರುತ್ತವೆ. ಎಲ್ಲವನ್ನೂ ಕೇಳಲು ಯಾರಿಗೂ ಪುರುಸೊತ್ತು ಇರಲ್ಲ. ಅದಕ್ಕೇ ಆರು ಆಲ್ಬಂ ಆರಿಸಿಕೊಂಡೆ, 2022ರಿಂದ 2025ರ ನಡುವೆ ಬಂದವು. ಒಂದೊಂದನ್ನೂ ಹತ್ತು ಸಲಕ್ಕಿಂತ ಜಾಸ್ತಿ ಕೇಳಿದ್ದೇನೆ.

ಮೊದಲು ಅಳತೆಗಳು

ಹೊಸತನ ಎನ್ನುವ ಅಳತೆಯನ್ನು ನಾನು ಇಟ್ಟುಕೊಂಡಿಲ್ಲ. ಕಲ್ಯಾಣಿ ರಾಗ ಹಳೇದಾಯ್ತು ಅಂತ ಯಾರೂ ಕಚೇರಿಯಿಂದ ಎದ್ದು ಹೋಗುವುದಿಲ್ಲ ಅಲ್ವಾ? ಇದೂ ಹಾಗೇ. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಗಟ್ಟಿಯಾದ ಒಂದು ಪದ್ಧತಿ ಇದೆ. ಅದರೊಳಗೆ ನಿಂತು ಒಳ್ಳೆಯ ಹಾಡು ಕಟ್ಟಿದ್ದಾರಾ ಎನ್ನುವುದಷ್ಟೇ ಪ್ರಶ್ನೆ.

ನನ್ನ ಮೊದಲ ಅಳತೆ: ಹಾಡನ್ನು ಹೊರುವವರು ಯಾರು? ಕಂಠವೋ, ಗಿಟಾರೋ? ಹೆವಿ ಮೆಟಲ್ ಇಷ್ಟ ಎನ್ನುವವರಲ್ಲಿ ಎರಡು ಬಣ ಇದೆ, ಬಹಳ ಜನಕ್ಕೆ ತಾವು ಯಾವ ಬಣ ಅಂತಲೇ ಗೊತ್ತಿರಲ್ಲ. ಒಂದು ಸುಲಭದ ಪರೀಕ್ಷೆ ಹೇಳುತ್ತೇನೆ. ನಿಮಗೆ ತುಂಬಾ ಇಷ್ಟದ ಹಳೇ ಹಾಡೊಂದನ್ನು ನೆನೆಸಿಕೊಂಡು ಸುಮ್ನೆ ಗುನುಗಿ. ಬಾಯಿಗೆ ಬಂದದ್ದು ಹಾಡಿನ ಸಾಲಾ, ಅಥವಾ ಮತ್ತೆ ಮತ್ತೆ ಬರುವ ಆ ಗಿಟಾರ್ ನುಡಿಯಾ, ಅಂದರೆ ರಿಫ್? ಸಾಲು ಬಂದರೆ ನೀವು ಕಂಠದ ಕಡೆಯವರು. ರಿಫ್ ಬಂದರೆ ಗಿಟಾರ್ ಕಡೆಯವರು. ತಪ್ಪು ಆಲ್ಬಂ ಕೊಂಡು ಬೇಜಾರು ಮಾಡಿಕೊಂಡವರ ಕಥೆ ಕೇಳಿ ನೋಡಿ. ಹೆಚ್ಚಿನ ಸಲ ಎಡವಿದ್ದು ಇಲ್ಲೇ ಆಗಿರುತ್ತದೆ.

ಎರಡನೆಯದು, ಧ್ವನಿಮುದ್ರಣ. ಕೆಲವು ಆಲ್ಬಂ ಒಣಗಿದ ಕಟ್ಟಿಗೆಯ ಹಾಗೆ ಕೇಳಿಸುತ್ತವೆ. ಒಂದು ಕೋಣೆಯಲ್ಲಿ ಐದು ಜನ ನಿಂತು ನುಡಿಸಿದ ಹಾಗೆ. ಕೆಲವು ಮಂಜಿನೊಳಗಿಂದ, ಪ್ರತಿಧ್ವನಿಯ ಜೊತೆ ಬರುತ್ತವೆ. ನೀವು ಎಲ್ಲಿ ಕೇಳುತ್ತೀರಿ ಎನ್ನುವುದರ ಮೇಲೆ ಇದು ನಿಲ್ಲುತ್ತದೆ.

ಮೂರನೆಯದು, ಎಷ್ಟು ಬೇಗ ಒಲಿಯುತ್ತದೆ ಎನ್ನುವುದು. ಮೊದಲ ಸಲಕ್ಕೇ ಬಾಯಿಗೆ ಬರುವ ಆಲ್ಬಂ ಬೇರೆ, ಆರನೇ ಸಲಕ್ಕೆ ಬಾಗಿಲು ತೆರೆಯುವ ಆಲ್ಬಂ ಬೇರೆ. ಎರಡೂ ಒಳ್ಳೆಯವೇ. ಆದರೆ ನಿಮಗೆ ಎಷ್ಟು ತಾಳ್ಮೆ ಇದೆ ಅಂತ ನೀವೇ ಹೇಳಬೇಕು.

ಸಾಹಿತ್ಯ ಮತ್ತು ಬೆಲೆ ಆಮೇಲೆ. ಬೆಲೆಯಲ್ಲಿ ಈ ಆರರ ನಡುವೆ ದೊಡ್ಡ ವ್ಯತ್ಯಾಸ ಇಲ್ಲ. ವ್ಯತ್ಯಾಸ ಇರುವುದು ನೀವು ಡಿಜಿಟಲ್ ತಗೊಳ್ಳುತ್ತೀರಾ, ಎಲ್‌ಪಿ, ಅಂದರೆ ತಿರುಗುವ ರೆಕಾರ್ಡ್, ತಗೊಳ್ಳುತ್ತೀರಾ ಎನ್ನುವುದರಲ್ಲಿ.

ಸೇಟನ್: ಸಾಂಗ್ಸ್ ಇನ್ ಕ್ರಿಮ್ಸನ್ (2024, ಮೆಟಲ್ ಬ್ಲೇಡ್)

ಸೇಟನ್ ಅಂದರೆ ಸೈತಾನ, ಆದರೆ ಹೆಸರು ಕೇಳಿ ಗಾಬರಿಯಾಗಬೇಡಿ. ಇಂಗ್ಲೆಂಡಿನ ನ್ಯೂಕಾಸಲ್ ಕಡೆಯ ಈ ಬ್ಯಾಂಡಿಗೂ ಸೈತಾನನ ಪೂಜೆಗೂ ಸಂಬಂಧ ಇಲ್ಲ. ಅವರು ಹಾಡುವುದು ಅಧಿಕಾರ, ಯುದ್ಧ, ದುರಾಸೆ, ಧರ್ಮದ ಹೆಸರಿನಲ್ಲಿ ನಡೆಯುವ ಅನ್ಯಾಯ, ಇವುಗಳ ಬಗ್ಗೆ. 1983ರಲ್ಲಿ ಕೋರ್ಟ್ ಇನ್ ದಿ ಆ್ಯಕ್ಟ್ ಎನ್ನುವ ಮೊದಲ ಆಲ್ಬಂ ಮಾಡಿದರು. ಆಮೇಲೆ ಹಾಡುಗಾರ ಬದಲಾದ, ಹೆಸರೂ ಬದಲಾಯಿತು. ಬ್ಲೈಂಡ್ ಫ್ಯೂರಿ ಅಂತ ಕೆಲಕಾಲ, ಪರಾಯಾ ಅಂತ ಕೆಲಕಾಲ. 2011ರಲ್ಲಿ ಜರ್ಮನಿಯ ಕೀಪ್ ಇಟ್ ಟ್ರೂ ಉತ್ಸವಕ್ಕೆ ಅದೇ 1983ರ ಐದೂ ಜನ ಮತ್ತೆ ಒಟ್ಟಾದರು. ಒಂದು ಸಲದ ಪುನರ್ಮಿಲನ ಆಗಬೇಕಿದ್ದದ್ದು ಅಲ್ಲಿಗೆ ನಿಲ್ಲಲಿಲ್ಲ. 2013, 2015, 2018, 2022, ಈಗ 2024. ಮತ್ತೆ ಸೇರಿದ ಮೇಲೆ ಐದು ಆಲ್ಬಂ. ನನ್ನ ಮಟ್ಟಿಗೆ ಈ ಐದೂ ಹಳೆಯ ಹೆಸರಿನ ನೆರಳಲ್ಲಿ ಬದುಕುತ್ತಿಲ್ಲ, ಸ್ವಂತ ಕಾಲ ಮೇಲೆ ನಿಂತಿವೆ.

ಇಲ್ಲಿ ಹಾಡನ್ನು ಹೊರುವವರು ಇಬ್ಬರು ಗಿಟಾರ್ ವಾದಕರು, ಸ್ಟೀವ್ ರ‍್ಯಾಮ್ಸೆ ಮತ್ತು ರಸ್ ಟಿಪ್ಪಿನ್ಸ್. ಎರಡು ಗಿಟಾರಿನ ಬ್ಯಾಂಡ್‌ಗಳಲ್ಲಿ ಸಾಮಾನ್ಯವಾಗಿ ಏನಾಗುತ್ತದೆ ಅಂದರೆ, ಒಬ್ಬ ಸ ನುಡಿಸಿದರೆ ಇನ್ನೊಬ್ಬ ಗ ನುಡಿಸುತ್ತಾನೆ. ಇಬ್ಬರೂ ಕೈಹಿಡಿದು ಏರುತ್ತಾರೆ, ಕೈಹಿಡಿದು ಇಳಿಯುತ್ತಾರೆ. ಐರನ್ ಮೇಡನ್ ಕೇಳಿದವರಿಗೆ ಈ ಸೊಬಗು ಗೊತ್ತು. ಸೇಟನ್‌ನಲ್ಲಿ ಅದೂ ಇದೆ, ಆದರೆ ಬಹಳಷ್ಟು ಸಲ ಇಬ್ಬರ ದಾರಿಯೂ ಬೇರೆ. ಒಬ್ಬ ಹೇಳಿದ್ದಕ್ಕೆ ಇನ್ನೊಬ್ಬ ಉತ್ತರ ಕೊಡುತ್ತಾನೆ, ಅಡ್ಡ ಮಾತು ಎತ್ತುತ್ತಾನೆ, ಹಾಡುಗಾರ ಉಸಿರು ತಗೊಳ್ಳುವ ಸಣ್ಣ ಜಾಗದಲ್ಲಿ ಒಂದು ಸಂಗತಿ ಹಾಕಿ ಹೋಗುತ್ತಾನೆ. ಜುಗಲ್‌ಬಂದಿ ಎನ್ನುವ ಪದವನ್ನು ಎಲ್ಲರೂ ಎಲ್ಲದಕ್ಕೂ ಬಳಸುತ್ತಾರೆ. ಇಲ್ಲಿ ಅದು ನಿಜವಾಗಿ ಹೊಂದುತ್ತದೆ. ಡ್ರಮ್ಸ್ ನುಡಿಸುವ ಶಾನ್ ಟೇಲರ್ ಕೂಡ ಸುಮ್ಮನೆ ಲೆಕ್ಕ ಹಿಡಿದು ಕೂರುವವರಲ್ಲ. ತಾಳ ಸದಾ ಉರುಳುತ್ತಿರುತ್ತದೆ.

ಹಾಡುಗಾರ ಬ್ರಯಾನ್ ರಾಸ್. ಬ್ಲಿಟ್ಸ್‌ಕ್ರೀಗ್ ಬ್ಯಾಂಡಿನವರೂ ಇವರೇ. ಮೆಟಾಲಿಕಾ 1984ರಲ್ಲಿ ಮತ್ತೆ ಹಾಡಿದ ಅದೇ ಹೆಸರಿನ ಹಾಡು ಇವರ ಬ್ಯಾಂಡಿನದು. ಕಂಠ ಬಹಳ ಮೇಲಕ್ಕೆ ಹೋಗುವುದಿಲ್ಲ. ಕಥೆ ಹೇಳುವವರ ಗತ್ತು ಅದರಲ್ಲಿದೆ.

ಮುದ್ರಣ ಒಣ, ತೆರೆದ ಬಯಲಿನ ಹಾಗೆ. ಇಯರ್‌ಫೋನ್ ಹಾಕಿ ಕೂತರೆ ಎರಡು ಗಿಟಾರನ್ನೂ ಬಿಡಿಸಿ ಬಿಡಿಸಿ ಕೇಳಬಹುದು. ಹತ್ತು ಹಾಡು. ಕೊರತೆ ಏನು ಅಂದರೆ, ಮೊದಲ ಸಲ ಕೇಳಿದಾಗ ಪಲ್ಲವಿಗಳು ನೆನಪಿನಲ್ಲಿ ಉಳಿಯುವುದಿಲ್ಲ. ನನಗೆ ಈ ಆಲ್ಬಂ ತೆರೆದುಕೊಂಡದ್ದು ಐದನೇ ಸಲಕ್ಕೆ. ಎರಡು ಸಲ ಕೇಳಿ ತೀರ್ಮಾನ ಮಾಡುವವರು ನೀವಾಗಿದ್ದರೆ ಇದನ್ನು ಮೊದಲು ಕೊಳ್ಳಬೇಡಿ.

ಕ್ರಿಪ್ಟೋಸ್: ಡೆಸಿಮೇಟರ್ (2024, ಎಎಫ್ಎಮ್)

ನಮ್ಮ ಬೆಂಗಳೂರಿನವರು. ಬ್ಯಾಂಡ್ ಶುರುವಾದದ್ದು 1998ರಲ್ಲಿ. ಐರನ್ ಮೇಡನ್ ಅರಮನೆ ಮೈದಾನಕ್ಕೆ ಬಂದದ್ದು 2007ರ ಮಾರ್ಚ್‌ನಲ್ಲಿ. ಅಂದರೆ ಊರಿಗೆ ದೊಡ್ಡ ಮೆಟಲ್ ಬ್ಯಾಂಡ್‌ಗಳು ಬರುವುದಕ್ಕೆ ಮೊದಲೇ ಇವರು ಇಲ್ಲಿ ನುಡಿಸುತ್ತಿದ್ದರು. 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿದರು.  2016ರ ಬರ್ನ್ ಅಪ್ ದಿ ನೈಟ್‌ನಿಂದ ಜರ್ಮನಿಯ ಎಎಫ್ಎಮ್ ಲೇಬಲ್ ಇವರ ಆಲ್ಬಂ ಹೊರತರುತ್ತಿದೆ. ಡೆಸಿಮೇಟರ್ ಇವರ ಏಳನೆಯದು.

ಊರಿನವರು ಅಂತ ಪಟ್ಟಿಗೆ ಸೇರಿಸಿದ್ದಲ್ಲ. ನನ್ನ ಮೊದಲ ಅಳತೆಗೇ ಸವಾಲು ಹಾಕುವ ಆಲ್ಬಂ ಇದು, ಅದಕ್ಕೆ ಸೇರಿಸಿದೆ. ಹಳೇ ಹೆವಿ ಮೆಟಲ್ ಅಂದರೆ ರಾಗವಾಗಿ ಹಾಡುವ ಕಂಠ ಇರಲೇಬೇಕು ಎನ್ನುವುದು ವಾಡಿಕೆ. ನೋಲನ್ ಲೂಯಿಸ್ ರಾಗವಾಗಿ ಹಾಡುವುದಿಲ್ಲ. ಗಂಟಲು ಕೆರೆದು ಬರುವ ಒರಟು ದನಿ. ಮೆಗಾಡೆತ್ ತರದ ವೇಗದ, ಒರಟು ಥ್ರ್ಯಾಶ್ ಮೆಟಲ್ ಕೇಳುವವರಿಗೆ ಅದು ಮನೆಯ ದನಿ, ರಾಗವಾಗಿ ಹಾಡುವ ಡಿಯೋ ಅಭಿಮಾನಿಗಳಿಗೆ ಅಡ್ಡಗೋಡೆ. ಆದರೆ ಆ ದನಿಯ ಹಿಂದೆ ನಡೆಯುವುದೆಲ್ಲ ಶುದ್ಧ ಎಂಬತ್ತರ ದಶಕ. ನೇರವಾದ, ಕೈಗೆ ಸಿಗುವ ರಿಫ್‌ಗಳು. ಅಕ್ಸೆಪ್ಟ್, ಜೂಡಸ್ ಪ್ರೀಸ್ಟ್ ಇವರ ರಕ್ತದಲ್ಲಿದ್ದಾರೆ. ನೋಲನ್ ಮತ್ತು ರೋಹಿತ್ ಚತುರ್ವೇದಿ ಇಬ್ಬರೂ ಸೇರಿ ಗಿಟಾರಿನಲ್ಲಿ ಕಟ್ಟುವ ಜೋಡಿ ರಾಗಗಳಿವೆಯಲ್ಲ, ಈ ಆಲ್ಬಂನಲ್ಲಿ ಹಾಡುವುದು ಅವೇ. ಕಂಠದ ಕೆಲಸ ಇಲ್ಲಿ ಹೊಡೆತ ಕೊಡುವುದು, ಗಿಟಾರಿನ ಕೆಲಸ ಹಾಡುವುದು. ಬೇರೆ ಬ್ಯಾಂಡ್‌ಗಳಿಗೆ ಹೋಲಿಸಿದರೆ ಜವಾಬ್ದಾರಿ ಅದಲುಬದಲಾಗಿದೆ.

ಇವರ ಹಳೆಯ ಆಲ್ಬಂಗಳಲ್ಲಿ, ಮುಖ್ಯವಾಗಿ 2008ರ ದಿ ಆರ್ಕ್ ಆಫ್ ಜೆಮಿನಿಯಲ್ಲಿ, ಹಾಡುಗಳಿಗೆ ತಿರುವು ಜಾಸ್ತಿ. 2016ರಿಂದ ಈಚೆಗೆ ಕೊಂಬೆ ಕಡಿದು ಕಾಂಡ ಉಳಿಸಿಕೊಂಡಿದ್ದಾರೆ. ಡೆಸಿಮೇಟರ್ ಅದರ ಗಟ್ಟಿ ಫಲ. ರಾತ್ರಿ ರಸ್ತೆ, ವೇಗ, ಯುದ್ಧ, ಬಾಹ್ಯಾಕಾಶ, ಇಂಥ ವಿಷಯಗಳು. ಮೊದಲ ಸಲಕ್ಕೇ ತಲೆ ಆಡುತ್ತದೆ. ಮುದ್ರಣವೂ ತುಂಬು ಶರೀರದ್ದು, ಸಣ್ಣ ಬ್ಲೂಟೂತ್ ಸ್ಪೀಕರಿನಲ್ಲೂ ಸೊರಗುವುದಿಲ್ಲ. ಎಲ್ಲಾ ಹಾಡುಗಳೂ ಸುಮಾರು ಒಂದೇ ಜೋರಿನಲ್ಲಿ ಸಾಗುತ್ತವೆ, ಏರಿಳಿತ ಕಡಿಮೆ. ಪೂರಾ ಒಂದೇ ಸಲ ಕೂತು ಕೇಳುವವರಿಗೆ ಕೊನೆಗೆ ಸ್ವಲ್ಪ ದಣಿವಾಗಬಹುದು.

ಇನ್ನೊಂದು ಲಾಭ ಇದೆ, ಬೇರೆ ಐದರಲ್ಲಿ ಇಲ್ಲದ್ದು. ಇವರನ್ನು ನೀವು ನಮ್ಮೂರಲ್ಲೇ ವೇದಿಕೆಯ ಮೇಲೆ ನೋಡಬಹುದು. ಈ ಸಂಗೀತದ ಅರ್ಧ ಅರ್ಥ ಆಗುವುದು ಅಲ್ಲಿ. ಪಕ್ಕದಲ್ಲಿ ನಿಂತ ಗುರುತಿಲ್ಲದ ಹುಡುಗ ಅದೇ ರಿಫ್ ಅನ್ನು ಬಾಯಲ್ಲಿ ಹೇಳುತ್ತಿರುವಾಗ.

ವಿಚ್ ಹೇಜಲ್: ಫೈವ್, ಲ್ಯಾಮೆಂಟೇಶನ್ಸ್ (2025, ಬ್ಯಾಡ್ ಓಮನ್)

ಇಂಗ್ಲೆಂಡಿನ ಲ್ಯಾಂಕಾಸ್ಟರ್ ಊರಿನವರು. ಬಿಳಿ ಬಟ್ಟೆ ಹಾಕಿ ವೇದಿಕೆ ಹತ್ತುತ್ತಾರೆ. ಹಾಡುವುದು ಕ್ರೈಸ್ತ ನಂಬಿಕೆಯ ಬಗ್ಗೆ: ಪಾಪ, ಪಶ್ಚಾತ್ತಾಪ, ಕರುಣೆ. ಕಪ್ಪು ಚರ್ಮದ ಜಾಕೆಟ್ಟಿನ ಈ ಲೋಕದಲ್ಲಿ ಇದು ವಿಶೇಷವೇ. ಕಾಲಿನ್ ಹೆಂಡ್ರಾ ಹಾಡು ಕಟ್ಟುವವರು, ಹಾಡುವವರು, ಗಿಟಾರ್ ನುಡಿಸುವವರು. 2016ರ ಮೊದಲ ಆಲ್ಬಂನಿಂದ ಐದನೆಯದರವರೆಗೆ ದಾರಿ ಬದಲಿಸಿಲ್ಲ, ದಾರಿಯನ್ನು ಸವೆಸಿ ನುಣುಪು ಮಾಡಿದ್ದಾರೆ.

ಕಂಠ ಮೃದು. ಕಿರುಚಾಟ ಇಲ್ಲವೇ ಇಲ್ಲ. ಎಪ್ಪತ್ತರ ದಶಕದ ವಿಶ್‌ಬೋನ್ ಆ್ಯಶ್, ಥಿನ್ ಲಿಝಿ ಬ್ಯಾಂಡ್‌ಗಳು ಬೆಳೆಸಿದ ಆ ಸ ಮತ್ತು ಗ ಜೋಡಿ ಗಿಟಾರನ್ನು ಇಷ್ಟು ಪ್ರೀತಿಯಿಂದ ನುಡಿಸುವವರು ಇವತ್ತು ಕಡಿಮೆ. ಇಂಗ್ಲೆಂಡಿನ ಹಳ್ಳಿ ಹಾಡಿನ ನೆರಳೂ ಅದರ ಮೇಲಿದೆ. ಇಲ್ಲಿ ಕಂಠ, ಗಿಟಾರ್ ಎರಡೂ ಸಮನಾಗಿ ಹೆಗಲು ಕೊಡುತ್ತವೆ. ಅದಕ್ಕೇ ಎರಡೂ ಬಣದವರಿಗೆ ಹಿಡಿಸುತ್ತದೆ. ಮುದ್ರಣ ಬೆಚ್ಚಗಿದೆ. ದೊಡ್ಡ ಸ್ಪೀಕರಿನಲ್ಲಿ, ಸಂಜೆ, ಮನೆಯ ಹಾಲ್‌ನಲ್ಲಿ ಕೇಳಬೇಕಾದ ಆಲ್ಬಂ. ನಾನು ಹಾಕಿದಾಗ ಅಮ್ಮ "ಇದು ಯಾರೋ, ಚೆನ್ನಾಗಿ ಹಾಡ್ತಾನೆ" ಅಂದಿದ್ದರು. ಬೇರೆ ಯಾವ ಮೆಟಲ್ ಆಲ್ಬಂಗೂ ಆ ಮಾತು ಬಂದಿಲ್ಲ.

ನಿಮಗೆ ಬೇಕಾದದ್ದು ಎದೆಗೆ ಗುದ್ದುವ ಭಾರ ಆಗಿದ್ದರೆ ಇದು ಹಗುರ ಎನಿಸುತ್ತದೆ. ಮೆಗಾಡೆತ್, ಸ್ಲೇಯರ್ ಕಡೆಯಿಂದ ಬರುವವರು ಇದನ್ನು ರಾಕ್ ಅಂತಲೇ ಕರೆಯಬಹುದು. ನಾನು ಅವರ ಜೊತೆ ಜಗಳ ಮಾಡುವುದಿಲ್ಲ.

ಸಮರ್‌ಲ್ಯಾಂಡ್ಸ್: ಡ್ರೀಮ್‌ಕಿಲ್ಲರ್ (2022, ರಿಲ್ಯಾಪ್ಸ್)

ಅಮೆರಿಕದ ಫಿಲಡೆಲ್ಫಿಯಾದವರು. ಎಂಟು ಹಾಡು, ಸುಮಾರು 35 ನಿಮಿಷ. ಒಂದು ತೂಕ ಹೆಚ್ಚಿಲ್ಲ, ಕಡಿಮೆ ಇಲ್ಲ.

ಗಿಟಾರ್ ವಾದಕ ಆರ್ಥರ್ ರಿಜ್ಕ್ ಈ ಲೋಕದಲ್ಲಿ ಧ್ವನಿಮುದ್ರಣಕ್ಕೇ ಹೆಸರಾದವರು. ಪವರ್ ಟ್ರಿಪ್ ಬ್ಯಾಂಡಿನ 2017ರ ನೈಟ್‌ಮೇರ್ ಲಾಜಿಕ್ ಆಲ್ಬಂ ಇವರ ಕೈಯಲ್ಲಿ ತಯಾರಾದದ್ದು. ಹಾಗಾಗಿ ಈ ಆಲ್ಬಂ ಕೇಳುವಾಗ ಧ್ವನಿಯೇ ಒಂದು ವಾದ್ಯ. ಮಂಜು ಮುಸುಕಿದ ಹಾದಿಯಲ್ಲಿ ದೂರದ ದೀಪಗಳು ಕಂಡ ಹಾಗೆ. ಗಿಟಾರಿನ ಹಿಂದೆ ಸಿಂಥ್ ಎನ್ನುವ ಎಲೆಕ್ಟ್ರಾನಿಕ್ ವಾದ್ಯದ ತೆಳು ಪರದೆ, ಅದರ ಮೇಲೆ ಬ್ರೆಂಡನ್ ರ‍್ಯಾಡಿಗನ್ ಅವರ ತುಂಬು ಕಂಠ. 2016ರ ಮೊದಲ ಆಲ್ಬಂನಲ್ಲಿ ಫಿಲ್ ಸ್ವಾನ್ಸನ್ ಹಾಡಿದ್ದರು. ಆ ಕಂಠದಲ್ಲಿ ಮಾಟಗಾರನ ನೆರಳಿತ್ತು. ರ‍್ಯಾಡಿಗನ್ ಬಂದ ಮೇಲೆ ಹಾಡುಗಳು ಎದೆ ಬಿಚ್ಚಿ ನಿಂತಿವೆ. ಎಂಬತ್ತರ ನಡುವಿನ ಓಝಿ ಆಸ್ಬೋರ್ನ್, ಕ್ವೀನ್ಸ್‌ರೈಕ್ ಇಷ್ಟಪಟ್ಟವರಿಗೆ ಇದು ನೇರವಾಗಿ ಒಳಗೆ ಇಳಿಯುತ್ತದೆ.

ಕಂಠದ ಬಣದವರಿಗೆ ಈ ಆರರಲ್ಲಿ ನನ್ನ ಮೊದಲ ಸಲಹೆ ಇದು. ವೇಗ ಬೇಕಾದವರಿಗೆ ಅಲ್ಲ. ಪಲ್ಲವಿಗಳಲ್ಲಿ ಸಿಹಿ ಇದೆ, ಕೆಲವರಿಗೆ ಆ ಸಿಹಿ ಜಾಸ್ತಿ ಅನ್ನಿಸೀತು. ಇನ್ನೊಂದು ಮಾತು. 2022ರದ್ದು ಹೊಸದಾ ಅಂತ ನೀವು ಕೇಳಬಹುದು. ಆರು ವರ್ಷಕ್ಕೊಂದು ಆಲ್ಬಂ ಮಾಡಿದ ಬ್ಯಾಂಡ್ ಇದು, ಅವರ ಲೆಕ್ಕದಲ್ಲಿ ಹೊಸದೇ.

ರಾಯಟ್ ಸಿಟಿ: ಎಲೆಕ್ಟ್ರಿಕ್ ಎಲೀಟ್ (2022, ನೋ ರಿಮೋರ್ಸ್)

ಕೆನಡಾದ ಕ್ಯಾಲ್ಗರಿಯ ಹುಡುಗರು. ಇವರ ಬಗ್ಗೆ ಬಹಳ ಹೇಳಬೇಕಾಗಿಲ್ಲ. ಜೂಡಸ್ ಪ್ರೀಸ್ಟ್‌ನ ಅತಿ ವೇಗದ, ಅತಿ ಏರುದನಿಯ ಹಾಡುಗಳನ್ನಷ್ಟೇ ಆರಿಸಿ ಒಂದು ಆಲ್ಬಂ ಮಾಡಿದ್ದರೆ ಹೇಗಿರುತ್ತಿತ್ತೋ ಹಾಗಿದೆ. 2019ರ ಮೊದಲ ಆಲ್ಬಂನಲ್ಲಿ ಗಿಟಾರ್ ವಾದಕನೇ ಹಾಡುತ್ತಿದ್ದ. ಇದರಲ್ಲಿ ಜೋರ್ಡನ್ ಜೇಕಬ್ಸ್ ಹಾಡಿದ್ದಾರೆ. ದನಿ ತಾರಸ್ಥಾಯಿಗೆ ಹೋಗಿ ಅಲ್ಲೇ ಮನೆ ಮಾಡಿಕೊಂಡಿದೆ. ರಾತ್ರಿಯಿಡೀ ಭಾಗವತರ ಏರು ಶ್ರುತಿ ಕೇಳಿ ಬೆಳೆದ ಕಿವಿ ನನ್ನದು, ನನಗೆ ಅದು ಸುಖ. ಕಿವಿಗೆ ಚುಚ್ಚುತ್ತದೆ ಎನ್ನುವವರೂ ಇದ್ದಾರೆ. ಜಿಮ್‌ಗೆ, ಓಟಕ್ಕೆ, ಹೆದ್ದಾರಿಗೆ ಹೇಳಿ ಮಾಡಿಸಿದ ಆಲ್ಬಂ. ಕಡಿಮೆ ದರ್ಜೆಯ ಇಯರ್‌ಫೋನ್‌ನಲ್ಲಿ ಮಾತ್ರ ಬೇಡ, ಏರುದನಿ ಇನ್ನಷ್ಟು ಚೂಪಾಗಿ ಕೇಳುತ್ತದೆ.

ಸಿರಿತ್ ಉಂಗೋಲ್: ಡಾರ್ಕ್ ಪರೇಡ್ (2023, ಮೆಟಲ್ ಬ್ಲೇಡ್)

ಕ್ಯಾಲಿಫೋರ್ನಿಯಾದ ವೆಂಚುರಾದಲ್ಲಿ 1971ರಲ್ಲಿ ಹುಟ್ಟಿದ ಬ್ಯಾಂಡ್. ಹೆಸರು ಲಾರ್ಡ್ ಆಫ್ ದಿ ರಿಂಗ್ಸ್ ಬರೆದ ಟೋಲ್ಕಿನ್ ಕಥೆಗಳಲ್ಲಿ ಬರುವ ಒಂದು ಕಣಿವೆ ದಾರಿಯದು. ಮೊದಲ ಆಲ್ಬಂ 1981ರಲ್ಲಿ, ನಾಲ್ಕನೆಯದು 1991ರಲ್ಲಿ, ಮಾರನೇ ವರ್ಷ ಬ್ಯಾಂಡ್ ಮುಚ್ಚಿತು. ಕೈಗೆ ದುಡ್ಡೂ ಬರಲಿಲ್ಲ, ಹೆಸರೂ ಬರಲಿಲ್ಲ. ಆದರೆ ಆ ರೆಕಾರ್ಡ್‌ಗಳು ಕೈಯಿಂದ ಕೈಗೆ ದಾಟುತ್ತಾ ಯೂರೋಪಿನ ಹೊಸ ತಲೆಮಾರಿನ ಹುಡುಗರಿಗೆ ತಲುಪಿದವು. 2016ರಲ್ಲಿ ಮತ್ತೆ ವೇದಿಕೆ ಹತ್ತಿದರು. 2020ರಲ್ಲಿ, ಅಂದರೆ 29 ವರ್ಷದ ನಂತರ, ಐದನೇ ಆಲ್ಬಂ. ಡಾರ್ಕ್ ಪರೇಡ್ ಅದರ ತಮ್ಮ. ಮೈಕಲ್ ವೀಲನ್ ಅವರ ವರ್ಣಚಿತ್ರ ಮುಖಪುಟದಲ್ಲಿ, ಮೊದಲ ಆಲ್ಬಂನಿಂದಲೂ ಅವರದೇ.

ಟಿಮ್ ಬೇಕರ್ ಅವರ ಕಂಠದ ಬಗ್ಗೆ ನೇರವಾಗಿ ಹೇಳಬೇಕು. ಅದು ಸುಂದರ ಅಲ್ಲ. ಕಾಗೆಯ ಕೂಗು, ಹರಿದ ಬಟ್ಟೆ, ಎಚ್ಚರಿಕೆ ಕೊಡುವ ಮುದುಕ, ಮೂರೂ ಸೇರಿವೆ. ನಿಧಾನ, ಭಾರವಾದ ರಿಫ್‌ಗಳ ಮೇಲೆ ಆ ದನಿ ಬಂದಾಗ ಲೋಕ ಮುಳುಗುತ್ತಿದೆ ಅನ್ನಿಸುತ್ತದೆ. ಸಾಹಿತ್ಯವೂ ಅದನ್ನೇ ಹೇಳುವುದು. ರಾಗವಾಗಿ ಹಾಡುವ ಬೇರೆ ಯಾರೇ ಬಂದರೂ ಈ ಹಾಡುಗಳು ಬಿದ್ದುಹೋಗುತ್ತವೆ. ಮೆಚ್ಚಿದವರು ಜೀವ ಬಿಡುತ್ತಾರೆ. ಮೆಚ್ಚದವರು ಎರಡು ನಿಮಿಷದಲ್ಲಿ ನಿಲ್ಲಿಸುತ್ತಾರೆ. ನಡುವಿನ ಜನ ನನಗೆ ಸಿಕ್ಕಿಲ್ಲ.

ಪಟ್ಟಿಯ ಅಂಚಿನಲ್ಲಿ ಉಳಿದವರು

ಬ್ರೂಕ್ಲಿನ್‌ನ ಸ್ಯಾನ್‌ಹೆಡ್ರಿನ್ ಬ್ಯಾಂಡಿನ ಹೀಟ್ ಲೈಟ್ನಿಂಗ್ (2025) ಬಿಟ್ಟದ್ದಕ್ಕೆ ಬೇಸರ ಇದೆ. ಮೂರೇ ಜನ, ಎರಿಕಾ ಸ್ಟೋಲ್ಟ್ಸ್ ಬೇಸ್ ಗಿಟಾರ್ ನುಡಿಸುತ್ತಾ ಹಾಡುತ್ತಾರೆ. ಹೆಂಗಸರ ಕಂಠದ ಗಟ್ಟಿ ಹೆವಿ ಮೆಟಲ್ ಹುಡುಕುವವರು ಅಲ್ಲಿಂದ ಶುರು ಮಾಡಿ. ನೈಟ್ ಡೀಮನ್‌ನ ಔಟ್‌ಸೈಡರ್ (2023) ಕೂಡ ಮೂವರ ಬ್ಯಾಂಡಿನದೇ, ಒಂದೇ ಕಥೆಯನ್ನು ಇಡೀ ಆಲ್ಬಂ ಹೇಳುತ್ತದೆ. ಫ್ರೆಸ್ನೋದ ಹಾಂಟ್ ಬೇರೆ ತರ. ಟ್ರೆವರ್ ವಿಲಿಯಂ ಚರ್ಚ್ ಸ್ವಂತ ಲೇಬಲ್ ಇಟ್ಟುಕೊಂಡು ಎಡೆಬಿಡದೆ ಆಲ್ಬಂ ಮಾಡುತ್ತಾರೆ, 2020ರಲ್ಲೇ ಎರಡು ಬಂದವು. ಒಂದು ಹಿಡಿಸಿದರೆ ಕೇಳಲು ಸಾಲುಸಾಲಾಗಿ ಕಾದಿವೆ.

ದುಡ್ಡಿನ ಲೆಕ್ಕ

ಬ್ಯಾಂಡ್‌ಕ್ಯಾಂಪ್ ಅಂದರೆ ಬ್ಯಾಂಡ್‌ಗಳು, ಲೇಬಲ್‌ಗಳು ನೇರವಾಗಿ ಸಂಗೀತ ಮಾರುವ ಜಾಲತಾಣ. ಕೊಳ್ಳುವ ಮೊದಲು ಬ್ಯಾಂಡಿನ ಅಥವಾ ಲೇಬಲ್‌ನ ಪುಟ ಅಲ್ಲಿ ಇದೆಯಾ ನೋಡಿ. ಇಂಥ ಡಿಜಿಟಲ್ ಆಲ್ಬಂ ಅಲ್ಲಿ ಸಾಮಾನ್ಯವಾಗಿ 7ರಿಂದ 10 ಡಾಲರ್. ಹಾಡುಗಳನ್ನು ಮೊದಲು ಪುಕ್ಕಟೆ ಕೇಳಬಹುದು. ಕೊಂಡರೆ ಎಂಪಿ3 ಅಷ್ಟೇ ಅಲ್ಲ, ಗುಣಮಟ್ಟ ಕಳೆದುಕೊಳ್ಳದ ಫ್ಲ್ಯಾಕ್ ಫೈಲ್ ಕೂಡ ಇಳಿಸಿಕೊಳ್ಳಬಹುದು. ಡಿಜಿಟಲ್ ಮಾರಾಟದಲ್ಲಿ ಬ್ಯಾಂಡ್‌ಕ್ಯಾಂಪ್ ಇಟ್ಟುಕೊಳ್ಳುವುದು ನೂರಕ್ಕೆ 15, ರೆಕಾರ್ಡ್ ಮತ್ತು ಟಿ-ಶರ್ಟ್‌ನಲ್ಲಿ 10. 2020ರಿಂದ ಕೆಲವು ತಿಂಗಳ ಮೊದಲ ಶುಕ್ರವಾರ ಅದನ್ನೂ ಬಿಟ್ಟುಕೊಡುತ್ತದೆ. ಆ ದಿನ ಕೊಂಡರೆ ನಿಮ್ಮ ದುಡ್ಡಿನ ಜಾಸ್ತಿ ಭಾಗ ಸಂಗೀತ ಮಾಡಿದವರ ಕಡೆ ಹೋಗುತ್ತದೆ. ಮರೆಯದೆ ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿನ ಅಂತಾರಾಷ್ಟ್ರೀಯ ವ್ಯವಹಾರ ಆನ್ ಮಾಡಿ. ಇಲ್ಲದಿದ್ದರೆ ಪೇಮೆಂಟ್ ಅಲ್ಲೇ ನಿಲ್ಲುತ್ತದೆ.

ಎಲ್‌ಪಿ ಕಥೆ ಬೇರೆ. ಹೊರದೇಶದಿಂದ ತರಿಸಿದರೆ ಅಂಚೆ ಖರ್ಚು ಕೆಲವೊಮ್ಮೆ ರೆಕಾರ್ಡಿನ ಬೆಲೆಯನ್ನೇ ಮುಟ್ಟುತ್ತದೆ. ಅದರ ಮೇಲೆ ಕಸ್ಟಮ್ಸ್ ಸುಂಕ. ನಾನು ತರಿಸಿದ ಒಂದು ಎಲ್‌ಪಿ ಮೂಲೆ ಬಾಗಿ ಬಂದಿತ್ತು, ವಾಪಸ್ ಕಳಿಸುವ ಖರ್ಚು ನೋಡಿ ಹಾಗೇ ಇಟ್ಟುಕೊಂಡೆ. ಒಂದೊಂದಾಗಿ ತರಿಸಬೇಡಿ. ಒಂದೇ ಲೇಬಲ್‌ನಿಂದ ಮೂರು ನಾಲ್ಕು ರೆಕಾರ್ಡ್ ಗೆಳೆಯರ ಜೊತೆ ಸೇರಿ ತರಿಸಿದರೆ ಅಂಚೆ ಖರ್ಚು ಹಂಚಿಹೋಗುತ್ತದೆ. ಈ ಪಟ್ಟಿಯಲ್ಲಿ ಸೇಟನ್, ಸಿರಿತ್ ಉಂಗೋಲ್ ಎರಡೂ ಮೆಟಲ್ ಬ್ಲೇಡ್‌ನವು. ಸ್ಯಾನ್‌ಹೆಡ್ರಿನ್ ಕೂಡ.

ಮೂವರಿಗೆ ಹೇಳಿದ್ದು

ಓದುವ ಹುಡುಗಿಗೆ ಕ್ರಿಪ್ಟೋಸ್ ಹೇಳಿದೆ, ಡಿಜಿಟಲ್. ಮೆಗಾಡೆತ್ ಕೇಳಿದ ಕಿವಿಗೆ ಒರಟು ದನಿ ತಡೆಯಾಗುವುದಿಲ್ಲ. ಅಲ್ಲಿಂದ ಹಿಂದಕ್ಕೆ ಹೋಗುವ ದಾರಿಯನ್ನು ಆ ಗಿಟಾರ್‌ಗಳೇ ತೋರಿಸುತ್ತವೆ. ಮುಂದಿನ ತಿಂಗಳ ದುಡ್ಡಿಗೆ ಸೇಟನ್.

ರೆಕಾರ್ಡ್ ಪ್ಲೇಯರ್ ಕೊಂಡವರಿಗೆ ವಿಚ್ ಹೇಜಲ್. ಹಾಲ್‌ನಲ್ಲಿ ಮನೆಯವರೆಲ್ಲ ಇರುವಾಗಲೂ ಹಾಕಬಹುದಾದ ರೆಕಾರ್ಡ್ ಅದು. ದುಬಾರಿ ಎಲ್‌ಪಿ ಕಪಾಟಿನಲ್ಲಿ ಕೂರಬಾರದು, ತಿರುಗುತ್ತಾ ಇರಬೇಕು.

ಮೆಟ್ರೊ ಗೆಳೆಯನಿಗೆ ಹೇಳುವಾಗ ನಾನೇ ಎರಡು ದಿನ ಯೋಚಿಸಿದೆ. ಇಯರ್‌ಫೋನ್ ಲೆಕ್ಕ ಹಿಡಿದರೆ ಸೇಟನ್ ಗೆಲ್ಲುತ್ತದೆ. ಆದರೆ ಅವನು ಗುನುಗುವುದು ಯಾವಾಗಲೂ ಹಾಡಿನ ಸಾಲು, ರಿಫ್ ಅಲ್ಲ. ಸಮರ್‌ಲ್ಯಾಂಡ್ಸ್ ಅಂದೆ. 35 ನಿಮಿಷ, ಒಂದು ಕಡೆಯ ಪ್ರಯಾಣದಲ್ಲಿ ಪೂರ್ತಿ ಮುಗಿಯುತ್ತದೆ.

ಡಾರ್ಕ್ ಪರೇಡನ್ನು ಮೂವರಿಗೂ ಹೇಳಲಿಲ್ಲ, ನನ್ನ ಮಟ್ಟಿಗೆ ಆರರಲ್ಲಿ ಅದೇ ಅತಿ ಆಳದ ಆಲ್ಬಂ ಆಗಿದ್ದರೂ. ಅದನ್ನು ಕೊಳ್ಳುವ ಆಸೆ ಇದ್ದರೆ ಒಂದು ಕೆಲಸ ಮಾಡಿ. ಅವರದೇ 1984ರ ಕಿಂಗ್ ಆಫ್ ದಿ ಡೆಡ್ ಆಲ್ಬಂನ ಎರಡು ಹಾಡು ರಾತ್ರಿ ದೀಪ ಆರಿಸಿ ಕೇಳಿ. ಎರಡು ದಿನ ಬಿಟ್ಟು ಮತ್ತೆ ಕೇಳಿ. ಆ ಕಂಠ ನಿಮ್ಮನ್ನು ಹಿಡಿದರೆ ಡಾರ್ಕ್ ಪರೇಡ್ ತಗೊಳ್ಳಿ. ಹಿಡಿಯದಿದ್ದರೆ ಅದೇ ದುಡ್ಡಿಗೆ ರಾಯಟ್ ಸಿಟಿ ಬರುತ್ತದೆ.